ನರೆದಲೆಗನ ಸೆರೆ: ‘ರಾಮಧಾನ್ಯ ಚರಿತ್ರೆ’ಯಲ್ಲಿ ಒಕ್ಕಲುಮಕ್ಕಳ ಊಟ

ಕನಕದಾಸರ ಕಾವ್ಯಗಳಲ್ಲಿ ‘ರಾಮಧಾನ್ಯ ಚರಿತ್ರೆ’ ಗಾತ್ರದಿಂದ ಕಿರಿದು. ‘ಮೋಹನತರಂಗಿಣಿ’ಯ ವಿಸ್ತಾರವಾಗಲಿ ‘ನಳಚರಿತ್ರೆ’ಯ ಕಥಾಸಂಪತ್ತಾಗಲಿ ಇದಕ್ಕಿಲ್ಲ. ಹಾಗಿದ್ದೂ ಈ ಕೃತಿಯನ್ನು ಒಮ್ಮೆ ಓದಿದವರು ಮರೆಯಲಾರರು. ಕುಮಾರವ್ಯಾಸನ ಕೈಯಲ್ಲಿ ಕೌರವ ಪಾಂಡವರ ಕಾಳಗವನ್ನು ಹೊತ್ತ ಭಾಮಿನೀ ಷಟ್ಪದಿ ಇಲ್ಲಿ ರಾಗಿಗೂ ಬತ್ತಕ್ಕೂ ನಡೆದ ಜಗಳವನ್ನು ಹೊತ್ತಿದೆ. ಛಂದಸ್ಸು ಅದೇ, ಸಭೆಯ ಠೀವಿಯೂ ಅದೇ. ಆ ಸಭೆಯ ನಡುವೆ ನಿಂತು ವಾದಿಸುವವರು ಮಾತ್ರ ನಮ್ಮ ಕಣಜದಿಂದ ಎದ್ದು ಬಂದವರು.

ಧಾನ್ಯಗಳು ಮಾತನಾಡುವ, ಒಂದನ್ನೊಂದು ಜರೆಯುವ, ಸೆರೆಗೆ ಹೋಗಿ ಬಿಡುಗಡೆಯಾಗಿ ಬರುವ ಈ ಲೋಕವು ಶುದ್ಧ ಕಲ್ಪನೆಯ ಲೋಕ. ವಾಲ್ಮೀಕಿಯಲ್ಲಿ ಇದರ ಸುಳಿವಿಲ್ಲ. ಆದರೆ ಕಲ್ಪನಾಲೋಕಕ್ಕೂ ಅದರದೇ ಆದ ಕಟ್ಟಳೆಗಳಿರುತ್ತವೆ; ಆ ಕಟ್ಟಳೆಗಳನ್ನು ಕವಿ ಎಲ್ಲಿಂದ ತಂದನೆಂಬುದನ್ನು ಹುಡುಕುವುದು ವಿಮರ್ಶೆಯ ಕೆಲಸ. ರಾಮನ ಆಸ್ಥಾನದಲ್ಲಿ ನಡೆಯುವ ಈ ವ್ಯಾಜ್ಯವು ತೀರ್ಮಾನವಾಗುವುದು ಧರ್ಮಶಾಸ್ತ್ರದ ಸೂತ್ರದಿಂದಲ್ಲ, ಅರಸನ ಒಲವಿನಿಂದಲೂ ಅಲ್ಲ, ಬಯಲುಸೀಮೆಯ ಒಕ್ಕಲುಮನೆಯ ಒಂದು ಹಳೆಯ ಅನುಭವದಿಂದ ಎಂಬುದು ಈ ಲೇಖನದ ಪ್ರತಿಪಾದ್ಯ. ಇಷ್ಟನ್ನು ಒಪ್ಪಿಕೊಂಡರೆ ಕಾವ್ಯದ ಹಿರಿಮೆ ಎಲ್ಲಿದೆ, ಅದರ ಮಿತಿ ಎಲ್ಲಿದೆ ಎಂಬೆರಡೂ ಸ್ಪಷ್ಟವಾಗುತ್ತವೆ.

ಕಥೆಯನ್ನು ಸಂಗ್ರಹವಾಗಿ ನೆನಪಿಗೆ ತಂದುಕೊಳ್ಳೋಣ. ಧರ್ಮರಾಯನಿಗೆ ಋಷಿಯೊಬ್ಬನು ಹೇಳುವ ಕಥೆಯಿದು. ರಾವಣನನ್ನು ಗೆದ್ದು ಸೀತಾಲಕ್ಷ್ಮಣರೊಡನೆ ಹಿಂದಿರುಗುತ್ತಿರುವ ರಾಮನು ದಾರಿಯಲ್ಲಿ ಋಷ್ಯಾಶ್ರಮವೊಂದರಲ್ಲಿ ತಂಗುತ್ತಾನೆ. ಮುನಿಗಳು ಆದರದಿಂದ ಉಪಚರಿಸುತ್ತಾರೆ. ಊಟದ ಮಾತು ಧಾನ್ಯಗಳ ಮಾತಿಗೆ ತಿರುಗುತ್ತದೆ. ಧಾನ್ಯಗಳನ್ನು ತರಿಸಿ ಸಭೆಯ ಮುಂದೆ ಇಡಿಸಿ, ಇವುಗಳಲ್ಲಿ ಯಾವುದು ಮಿಗಿಲು ಎಂದು ರಾಮನು ಕೇಳುತ್ತಾನೆ. ಒಬ್ಬೊಬ್ಬರು ಒಂದೊಂದನ್ನು ಮೆಚ್ಚುತ್ತಿರಲು ಗೌತಮನು ನರೆದಲೆಗನೇ, ಅಂದರೆ ರಾಗಿಯೇ, ಮಿಗಿಲೆನ್ನುತ್ತಾನೆ. ಬತ್ತವು ಕೆರಳುತ್ತದೆ. ಎರಡರ ನಡುವೆ ಬಿರುನುಡಿಗಳು ಬೆಳೆಯುತ್ತವೆ. ರಾಮನು ಅಲ್ಲೇ ತೀರ್ಪು ಕೊಡದೆ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ ಅಯೋಧ್ಯೆಗೆ ನಡೆಯುತ್ತಾನೆ. ಅವಧಿ ತೀರಿದ ಮೇಲೆ ದೇವತೆಗಳೂ ಮುನಿಗಳೂ ನೆರೆದ ಸಭೆಗೆ ಇಬ್ಬರನ್ನೂ ತರಿಸಿದಾಗ ಬತ್ತವು ಕಸುವು ಕಳೆದು ಕುಂದಿದೆ. ನರೆದಲೆಗನು ಹೋದಂತೆಯೇ ಬಂದಿದ್ದಾನೆ. ರಾಮನು ಅವನಿಗೆ ರಾಘವನೆಂಬ ತನ್ನ ಹೆಸರನ್ನೇ ಕೊಟ್ಟು ಮನ್ನಿಸುತ್ತಾನೆ. ಸೋತ ಬತ್ತವನ್ನೂ ಸಂತೈಸುತ್ತಾನೆ.

ಈ ಕಥೆಯನ್ನು ಮೇಲುಕೀಳಿನ ರೂಪಕವಾಗಿ ಓದುವುದು ನಮ್ಮಲ್ಲಿ ರೂಢಿ. ಬತ್ತವು ಉಳ್ಳವರ, ರಾಗಿಯು ಇಲ್ಲದವರ ಪ್ರತಿನಿಧಿ. ಬತ್ತವು ಮೇಲುಜಾತಿ, ರಾಗಿಯು ಶೂದ್ರಸಮುದಾಯ. ಇಂದಿನ ಹಾವೇರಿ ಜಿಲ್ಲೆಯ ಬಾಡದಲ್ಲಿ ಕುರುಬ ಕುಲದಲ್ಲಿ ಹುಟ್ಟಿ ಹರಿದಾಸರ ಸಾಲಿನಲ್ಲಿ ನಿಂತ ಕವಿಯ ಬಾಳನ್ನು ನೆನೆದರೆ ಈ ಓದು ಸಹಜವೂ ಹೌದು, ನ್ಯಾಯವೂ ಹೌದು. ಕಾವ್ಯವೇ ಇದಕ್ಕೆ ಇಂಬು ಕೊಡುತ್ತದೆ. ಬತ್ತವು ಮುಂಜಿ ಮದುವೆಗಳಲ್ಲಿ, ದೇವತಾರ್ಚನೆಯಲ್ಲಿ, ಮಂತ್ರಾಕ್ಷತೆಯಲ್ಲಿ ತನಗಿರುವ ಪಾತ್ರವನ್ನು ಎಣಿಸಿ ಹೇಳಿ ನರೆದಲೆಗನನ್ನು ಶೂದ್ರಾನ್ನವೆಂದು ಹಳಿಯುತ್ತದೆ. ನರೆದಲೆಗನ ಉತ್ತರವೂ ಅಷ್ಟೇ ಹರಿತ. ನೀನು ಧನವಂತರ ಬೆನ್ನು ಹತ್ತಿದವನು, ಬಡವರ ಕಡೆ ಕಣ್ಣೆತ್ತಿ ನೋಡದವನು. ಬಾಣಂತಿಯ ಪಥ್ಯಕ್ಕೆ, ರೋಗಿಯ ಗಂಜಿಗೆ, ಕಡೆಗೆ ಹೆಣದ ಬಾಯಿಗೆ ತುತ್ತಾಗುವುದಕ್ಕೆ ಸಲ್ಲುವವನು ಎಂಬುದು ಅದರ ತಾತ್ಪರ್ಯ.

ಆದರೆ ಈ ಓದು ಒಂದು ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಸಾಗಿಬಿಡುತ್ತದೆ. ಕವಿಯ ಉದ್ದೇಶ ಕೇವಲ ರಾಗಿಯನ್ನು ಎತ್ತಿಹಿಡಿಯುವುದಾಗಿದ್ದರೆ ಗೌತಮನ ಮಾತಿನಲ್ಲೇ ಕಾವ್ಯವು ಮುಗಿಯಬಹುದಾಗಿತ್ತು. ಋಷಿವಾಕ್ಯಕ್ಕಿಂತ ಹಿರಿದಾದ ಪ್ರಮಾಣವುಂಟೆ? ಅದಿಲ್ಲವಾದರೆ, ನರೆದಲೆಗನ ವಾದವೇ ಗೆದ್ದಿತೆಂದು ರಾಮನು ಸಾರಬಹುದಾಗಿತ್ತು. ಕನಕದಾಸರು ಎರಡನ್ನೂ ಮಾಡಲಿಲ್ಲ. ಋಷಿಯ ಮಾತನ್ನು ಅಂತಿಮವೆಂದು ಎಣಿಸಲಿಲ್ಲ. ವಾದದ ಜಾಣ್ಮೆಯನ್ನೂ ನಂಬಲಿಲ್ಲ. ಬೈಗುಳಕ್ಕೆ ಬೈಗುಳ ಸಮವಾಗಿ ನಿಂತ ಘಳಿಗೆಯಲ್ಲಿ ಇಬ್ಬರನ್ನೂ ಕತ್ತಲೆಗೆ ತಳ್ಳಿ ಕದವಿಕ್ಕಿಸಿದರು. ಮಾತಿನಿಂದ ಇತ್ಯರ್ಥವಾಗದುದನ್ನು ಕಾಲಕ್ಕೆ ಒಪ್ಪಿಸಿದರು. ಕಾವ್ಯದ ತಿರುಳಿರುವುದು ಈ ಸೆರೆಯಲ್ಲಿ.

ಧಾನ್ಯಕ್ಕೆ ಸೆರೆಯೆಂದರೇನು? ಊರಿನ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆದ ಕಾಳನ್ನು ಗುಡಾಣದಲ್ಲಿ, ವಾಡೆಯಲ್ಲಿ, ಕಣಜದಲ್ಲಿ ತುಂಬಿ ಬಾಯಿ ಕಟ್ಟುವುದು ಅವನ ವರ್ಷವರ್ಷದ ಕೆಲಸ. ಹೆಚ್ಚಿನದಿದ್ದರೆ ಹಗೇವು. ಗಟ್ಟಿನೆಲದಲ್ಲಿ ಹೂಜಿಯಾಕಾರದ ಗುಳಿ ತೋಡಿ, ಒಳಮೈಗೆ ಹುಲ್ಲು ಹೊದಿಸಿ, ಕಾಳು ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗೆ ಗಾಳಿಯಿಲ್ಲ, ಬೆಳಕಿಲ್ಲ. ಅದನ್ನು ತೆಗೆದ ದಿನ ಕಾಳು ಹೇಗಿದೆಯೆಂಬುದರ ಮೇಲೆ ಮನೆಯವರ ಆ ವರ್ಷದ ಬದುಕು ನಿಂತಿರುತ್ತದೆ. ಈ ಪರೀಕ್ಷೆಯಲ್ಲಿ ರಾಗಿಯನ್ನು ಮೀರಿಸುವ ಕಾಳು ದಕ್ಷಿಣದ ಬಯಲಿನಲ್ಲಿಲ್ಲ. ಚೆನ್ನಾಗಿ ಒಣಗಿಸಿದ ರಾಗಿಯನ್ನು ಹುಳು ಮುಟ್ಟುವುದು ಅಪರೂಪ. ಕಾಳು ತೀರ ಸಣ್ಣದು, ಬೀಜದ ಹೊರಪದರ ಗಟ್ಟಿ, ಆ ಪದರದಲ್ಲಿರುವ ಒಗರು ಪದಾರ್ಥಗಳು ಕೀಟಕ್ಕೂ ಬೂಷ್ಟಿಗೂ ಹಿಡಿಸವು. ವರ್ಷಗಳ ಮೇಲೆ ವರ್ಷ ಅದು ಕೆಡದೆ ಉಳಿಯುತ್ತದೆ. ನರೆದಲೆಗನು ತನ್ನ ವಾದದಲ್ಲಿ, ಮಳೆ ಹೋಗಿ ಬೆಳೆಯಡಗಿದ ಕ್ಷಾಮಕಾಲದಲ್ಲಿ ಅಳಿಯುವ ಜೀವಗಳನ್ನು ಸಲಹುವವನು ತಾನೆಂದು ಹೇಳಿಕೊಳ್ಳುತ್ತಾನೆ. ವಾದದ ಉಳಿದ ಮಾತುಗಳೆಲ್ಲ ಬೈಗುಳ, ಇದೊಂದೇ ಸಾಕ್ಷ್ಯ. ರಾಮನು ಕೊಟ್ಟ ಸೆರೆಯು ಈ ಒಂದು ಸಾಕ್ಷ್ಯವನ್ನು ಒರೆಗೆ ಹಚ್ಚುವ ಉಪಾಯ. ಕಾರಾಗೃಹವೆಂದು ಕವಿ ಕರೆದುದು ನಿಜವಾಗಿ ಒಂದು ಹಗೇವು.

ಇಲ್ಲಿ ಬತ್ತದ ಪರವಾಗಿಯೂ ಒಂದು ಮಾತು ಸಲ್ಲಬೇಕು. ಹೊಟ್ಟಿನೊಳಗಿರುವ ಬತ್ತವು ಆರು ತಿಂಗಳಲ್ಲಿ ಕಸುವು ಕಳೆದುಕೊಳ್ಳುವುದಿಲ್ಲ. ಹಳೆಯ ಅಕ್ಕಿಗೆ ಹೊಸ ಅಕ್ಕಿಗಿಂತ ಬೆಲೆ ಹೆಚ್ಚು. ಅನ್ನ ಉದುರುದುರಾಗಿ ಬರುವುದು ಹಳೆಯ ಅಕ್ಕಿಯಿಂದಲೇ ಎಂಬುದನ್ನು ಅಡಿಗೆಮನೆ ಬಲ್ಲದು. ಇದನ್ನು ಹಿಡಿದು ಕವಿಯ ಮೇಲೆ ಪಕ್ಷಪಾತದ ಆರೋಪ ಹೊರಿಸಬಹುದು. ಹಾವೇರಿಯ ಸೀಮೆ ಮಲೆನಾಡಿನ ಸೆರಗೂ ಬಯಲುಸೀಮೆಯೂ ಕೂಡುವ ಎಡೆ. ಹಾನಗಲ್ಲಿನ ಕಡೆ ಬತ್ತದ ಗದ್ದೆ, ಮೂಡಲಿಗೆ ಜೋಳದ ಹೊಲ. ಅಂಥಲ್ಲಿ ಬಾಳಿದವರಿಗೆ ಬತ್ತದ ಸ್ವಭಾವ ತಿಳಿಯದಿರಲಾರದು. ಎರಡು ಮೂರು ಬರಗಾಲಗಳನ್ನು ದಾಟುವ ವರ್ಷಗಳ ಲೆಕ್ಕದಲ್ಲಿ ನಿಜವಾದ ಸಂಗತಿಯನ್ನು ಕಥೆಯ ಅನುಕೂಲಕ್ಕಾಗಿ ಅವರು ಆರು ತಿಂಗಳಿಗೆ ಇಳಿಸಿಕೊಂಡಿದ್ದಾರೆ ಎಂದು ತಿಳಿಯುವುದೇ ಯುಕ್ತ. ಒರೆಗಲ್ಲು ಒಕ್ಕಲಿಗನದು, ಅವಧಿ ಕವಿಯದು.

ಈ ಒರೆಗಲ್ಲಿನ ಹೊಸತನವನ್ನು ಅರಿಯಬೇಕಾದರೆ ಇದಕ್ಕಿಂತ ಹಿಂದೆ ನಮ್ಮ ಕಾವ್ಯದಲ್ಲಿ ಧಾನ್ಯವು ಯಾವ ರೂಪದಲ್ಲಿತ್ತೆಂಬುದನ್ನು ನೋಡಬೇಕು. ಅದಕ್ಕೆ ಹೈದರಾಬಾದಿನ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ಸುಮಾರು 150 ಕಿಲೋಮೀಟರ್ ದೂರದಲ್ಲಿ, ಇಂದಿನ ರಾಜನ್ನ ಸಿರಿಸಿಲ್ಲ ಜಿಲ್ಲೆಯಲ್ಲಿ, ವೇಮುಲವಾಡವಿದೆ. 10ನೆಯ ಶತಮಾನದಲ್ಲಿ ಇಮ್ಮಡಿ ಅರಿಕೇಸರಿಯ ಆಶ್ರಯದಲ್ಲಿ ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ್ದು ಆ ಅರಸುಮನೆತನದ ನೆರಳಿನಲ್ಲಿ. ಅವನ ತಮ್ಮ ಜಿನವಲ್ಲಭನ ಶಾಸನವಿರುವ ಕುರಿಕ್ಯಾಲವೂ ಅದೇ ಸೀಮೆಯದು. ಅಂದಿನ ವೀರಜೀವನದ ಹುರುಳನ್ನು ಹಿಡಿದಿಟ್ಟ ಪದಗಳಲ್ಲಿ ‘ಜೋಳವಾಳಿ’ ಮುಖ್ಯವಾದದ್ದು. ಒಡೆಯನು ಕೊಟ್ಟ ಜೋಳವನ್ನು ಉಂಡವನು ಸಮಯ ಬಂದಾಗ ಪ್ರಾಣವಿತ್ತು ಆ ಋಣವನ್ನು ತೀರಿಸಬೇಕೆಂಬ ಕಟ್ಟಳೆ ಅದು. ಪಂಪನ ಕರ್ಣನನ್ನು ದುರ್ಯೋಧನನ ಪಾಳೆಯದಲ್ಲಿ ಕಟ್ಟಿಹಾಕಿದ್ದು ಇಂಥ ಅನ್ನದ ಋಣವೇ. ವೀರಗಲ್ಲುಗಳ ಮೇಲೆ ಹೆಸರುಳಿದ ಎಷ್ಟೋ ಮಂದಿ ಸತ್ತಿದ್ದೂ ಇದೇ ಋಣಕ್ಕಾಗಿ.

ಜೋಳವಾಳಿಯ ಲೋಕದಲ್ಲಿ ಧಾನ್ಯವು ಮೂಕ. ಅದು ಒಡೆಯನ ಕೈಯಿಂದ ಬಂಟನ ಬಾಯಿಗೆ ಇಳಿಯುತ್ತದೆ. ಅದರ ಬೆಲೆಯೆಲ್ಲ ಕೊಟ್ಟವನ ಹೆಸರಿಗೆ ಸೇರುತ್ತದೆ. ಅದನ್ನು ಬೆಳೆದವನಾರು, ಬೀಸಿದವಳಾರು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ‘ರಾಮಧಾನ್ಯ ಚರಿತ್ರೆ’ಯಲ್ಲಿ ಈ ಸಂಬಂಧವು ತಲೆಕೆಳಗಾಗಿದೆ. ಧಾನ್ಯವು ಯಾರ ದಾನವೂ ಆಗಿ ಬಂದಿಲ್ಲ. ತಾನೇ ಸಭೆಗೆ ಬಂದು ತನ್ನ ಮಾತನ್ನು ತಾನೇ ಆಡುತ್ತದೆ. ಋಣವು ಈಗ ಉಣ್ಣಿಸಿದ ಒಡೆಯನಿಗೆ ಸಲ್ಲತಕ್ಕುದಲ್ಲ, ಕ್ಷಾಮದಲ್ಲಿ ಕೈಬಿಡದ ಕಾಳಿಗೇ ಸಲ್ಲತಕ್ಕುದು. ಅರಸನೇ ಆ ಋಣವನ್ನು ಒಪ್ಪಿಕೊಂಡು ತನ್ನ ಹೆಸರನ್ನು ಅದಕ್ಕೆ ಒಪ್ಪಿಸುತ್ತಾನೆ. ಪಂಪನಿಂದ ಕನಕದಾಸರವರೆಗಿನ ಆರು ನೂರು ವರ್ಷಗಳಲ್ಲಿ ಕನ್ನಡದ ಮನಸ್ಸು ಕ್ರಮಿಸಿದ ದಾರಿಯ ಒಂದು ಗುರುತು ಇದು. ನಡುವೆ ವಚನಕಾರರು ಕಾಯಕದ ಮಾತನ್ನಾಡಿ ಈ ದಾರಿಯನ್ನು ಹಸನುಮಾಡಿದ್ದರೆಂಬುದನ್ನೂ ಮರೆಯಬಾರದು.

ಇನ್ನು ಕಾವ್ಯದ ಮಿತಿಯ ಮಾತು. ‘ರಾಮಧಾನ್ಯ ಚರಿತ್ರೆ’ಯ ವ್ಯಾಜ್ಯವು ಧಾನ್ಯದ್ದು, ಅಡಿಗೆಯದಲ್ಲ. ರಾಗಿಯ ಘನತೆಯನ್ನು ಕವಿ ಕಾಳಿನಲ್ಲಿ ಕಂಡರು. ಕಾಳು ಊಟವಾಗುವ ಹಾದಿ, ಆ ಹಾದಿಯ ಕಟ್ಟುಕಟ್ಟಳೆಗಳು ಸಭೆಯ ಕಣ್ಣಿಗೆ ಬೀಳಲಿಲ್ಲ. ರಾಗಿಯ ನಿಜವಾದ ಸಂಸ್ಕೃತಿ ಇರುವುದೋ ಆ ಹಾದಿಯಲ್ಲಿ. ಬತ್ತವು ತನ್ನ ಶುಭಕಾರ್ಯಗಳ ಪಟ್ಟಿಯನ್ನು ಮುಂದಿಟ್ಟಾಗ ನರೆದಲೆಗನು ತನ್ನ ಪಟ್ಟಿಯನ್ನು ಮುಂದಿಡಬಹುದಾಗಿತ್ತು. ಅವನು ಇಡದೆ ಬಿಟ್ಟುದನ್ನು ಇಲ್ಲಿ ಸ್ವಲ್ಪ ನೋಡೋಣ.

ಮೊದಲನೆಯದು ಕಣ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ರಾಗಿಯ ಒಕ್ಕಣೆಗೆ ಮುನ್ನ ಕಣವನ್ನು ಸಗಣಿಯಿಂದ ಸಾರಿಸಿ ನಡುವೆ ಮೇಟಿ ನಿಲ್ಲಿಸುತ್ತಿದ್ದರು. ರಾಶಿ ಕೂಡಿದ ಮೇಲೆ ಅದರ ಮೇಲೆ ಸಗಣಿಯ ಬೆನಕನನ್ನಿಟ್ಟು ಪೂಜಿಸುತ್ತಿದ್ದರು. ರಾಶಿಯನ್ನು ಕೊಳಗದಿಂದ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಎಣಿಕೆ ಎರಡರಿಂದ ಮುಂದುವರಿಯುತ್ತಿತ್ತು. ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ ಮೊದಲಾದ ಆಯಗಾರರ ಪಾಲು ಮನೆಗೆ ಹೋಗುವ ಮುಂಚೆ ಕಣದಲ್ಲೇ ಸಲ್ಲಬೇಕು. ಇದು ದಾನವಲ್ಲ, ಹಕ್ಕು. ಜೋಳವಾಳಿಯ ಋಣಕ್ಕೂ ಈ ಆಯದ ಹಕ್ಕಿಗೂ ಇರುವ ಅಂತರವನ್ನು ಗಮನಿಸಿದರೆ, ಕವಿ ಕಂಡ ನ್ಯಾಯವು ಊರಿನಲ್ಲಿ ಆಗಲೇ ಒಂದು ರೂಢಿಯಾಗಿ ಬಾಳಿತ್ತೆಂಬುದು ತಿಳಿಯುತ್ತದೆ. ಆ ರೂಢಿಯಲ್ಲೂ ಮೇಲುಕೀಳು ಇದ್ದಿತು, ಕೆಲವರ ಪಾಲು ರಾಶಿಯ ದೂರದ ಅಂಚಿನಲ್ಲಿ ನಿಂತು ಪಡೆಯುವ ಪಾಲಾಗಿತ್ತು ಎಂಬುದನ್ನು ಮುಚ್ಚಬೇಕಾಗಿಲ್ಲ.

ಎರಡನೆಯದು ಬೀಸುವ ಕಲ್ಲು. ನಸುಕಿನಲ್ಲೆದ್ದು ರಾಗಿ ಬೀಸುತ್ತ ಹೆಣ್ಣುಮಕ್ಕಳು ಹಾಡಿದ ತ್ರಿಪದಿಗಳು ನಮ್ಮ ಜನಪದ ಸಾಹಿತ್ಯದ ಬೆನ್ನೆಲುಬು. ಆ ಹಾಡುಗಳಲ್ಲಿ ಕಲ್ಲಿಗೆ ದೇವರ ಸ್ಥಾನ. ತವರಿನ ಹರಕೆ, ಗಂಡನ ಮನೆಯ ಕೊರಗು, ಮಗುವಿನ ಆಟ ಎಲ್ಲವೂ ಕಲ್ಲಿನ ತಿರುವಿಗೆ ಹೊಂದಿಕೊಂಡು ಬರುತ್ತವೆ. ರಾಮನ ಸಭೆಯಲ್ಲಿ ರಾಗಿಯ ಪರವಾಗಿ ನುಡಿದವನು ಗೌತಮ. ರಾಗಿಯನ್ನು ದಿನದಿನವೂ ಹಿಟ್ಟಾಗಿಸಿದವಳಿಗೆ ಆ ಸಭೆಯಲ್ಲಿ ಎಡೆ ದೊರೆಯಲಿಲ್ಲ. ಷಟ್ಪದಿಯಲ್ಲಿ ರಾಗಿಯ ಕಥೆಯನ್ನು ಓದಿದವರು ತ್ರಿಪದಿಯಲ್ಲಿರುವ ರಾಗಿಯ ಕಥೆಯನ್ನೂ ಅದರ ಬಳಿಯಲ್ಲಿಟ್ಟು ಓದಬೇಕು. ಒಂದರಲ್ಲಿ ಧಾನ್ಯವು ತನ್ನ ಮಾನಕ್ಕಾಗಿ ವಾದಿಸುತ್ತದೆ. ಇನ್ನೊಂದರಲ್ಲಿ ಅದನ್ನು ಅರೆಯುವ ಕೈ ತನ್ನ ಬಾಳನ್ನು ಹಾಡಿಕೊಳ್ಳುತ್ತದೆ. ಎರಡೂ ಕೂಡಿದರೆ ಮಾತ್ರ ಚಿತ್ರ ಪೂರ್ಣ.

ಮೂರನೆಯದು ಮುದ್ದೆ. ಹಳೆಯ ಮೈಸೂರಿನ ಕಡೆ ಅದನ್ನು ಬರಿಯ ‘ಹಿಟ್ಟು’ ಎಂದೇ ಕರೆಯುವುದು. ‘ಹಿಟ್ಟು ಉಂಡೆಯಾ’ ಎಂದರೆ ಊಟವಾಯಿತೆ ಎಂದರ್ಥ. ಎಸರು ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ತೂತು ಮಾಡಿ, ಆವಿಯಲ್ಲಿ ಬೇಯಲು ಬಿಟ್ಟು, ಬಳಿಕ ಮಡಕೆಯನ್ನು ಅಲುಗದಂತೆ ಹಿಡಿದು ಗಂಟಿಲ್ಲದಂತೆ ತೊಳಸಬೇಕು. ತೋಳಿನ ಬಲವೂ ಹದದ ಅರಿವೂ ಒಟ್ಟಿಗೆ ಬೇಕಾದ ಕೆಲಸ. ಒದ್ದೆ ಕೈಯಿಂದ ಉಂಡೆಕಟ್ಟಿ ತಟ್ಟೆಗಿಟ್ಟ ಮೇಲೆ ಉಣ್ಣುವವನಿಗೂ ಒಂದು ಶಿಸ್ತುಂಟು: ಬಿಸಿಯಿರುವಾಗಲೇ ತುತ್ತು ಮುರಿದು, ಸೊಪ್ಪಿನ ಸಾರಿನಲ್ಲೋ ಬಸ್ಸಾರಿನಲ್ಲೋ ಹುರುಳಿಯ ಕಟ್ಟಿನಲ್ಲೋ ಅದ್ದಿ, ಅಗಿಯದೆ ನುಂಗಬೇಕು. ಅಗಿದವನು ಆ ಊಟಕ್ಕೆ ಹೊಸಬನೆಂದು ಪಂಕ್ತಿಯವರಿಗೆ ತಿಳಿದುಹೋಗುತ್ತದೆ. ಮುದ್ದೆಯು ತನ್ನ ರುಚಿಯನ್ನು ಮುಂದೊಡ್ಡುವುದಿಲ್ಲ. ಸಾರಿನ ರುಚಿಯನ್ನು ಹೊತ್ತು ಒಯ್ಯುತ್ತದೆ, ಹೊಲದ ಕೆಲಸ ಮುಗಿಯುವವರೆಗೆ ಹೊಟ್ಟೆಯಲ್ಲಿ ನಿಲ್ಲುತ್ತದೆ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟನೆಂಬ ಗಾದೆ ಹುಟ್ಟಿದ್ದು ಈ ಗುಣದಿಂದ. ಕನಕದಾಸರು ಕಾಳಿನಲ್ಲಿ ಕಂಡ ಬಾಳಿಕೆಯನ್ನು ಒಕ್ಕಲಿಗನು ತನ್ನ ಹೊಟ್ಟೆಯಲ್ಲಿ ಕಂಡಿದ್ದಾನೆ.

ಸೋತ ಬತ್ತವನ್ನು ರಾಮನು ಸಂತೈಸಿದ ಪ್ರಸಂಗವೂ ಅಡಿಗೆಮನೆಯಲ್ಲಿ ತನ್ನದೇ ರೀತಿಯಲ್ಲಿ ನಡೆದಿದೆ. ಮುದ್ದೆಯ ಎಸರಿಗೆ ಒಂದು ಹಿಡಿ ಅಕ್ಕಿನುಚ್ಚು ಹಾಕುವ ರೂಢಿ ನಮ್ಮಲ್ಲಿ ಕೆಲವೆಡೆ ಉಂಟು. ನಮ್ಮ ನೆರೆಯ ರಾಯಲಸೀಮೆಯವರ ರಾಗಿ ಸಂಗಟಿಯಲ್ಲಂತೂ ಅಕ್ಕಿಯನ್ನು ಬೇಯಿಸಿಯೇ ಹಿಟ್ಟು ಕೂಡಿಸುತ್ತಾರೆ. ಆಸ್ಥಾನದಲ್ಲಿ ಎದುರುಬದುರಾಗಿ ನಿಂತ ವಾದಿ ಪ್ರತಿವಾದಿಗಳು ಒಂದೇ ಗಡಿಗೆಯಲ್ಲಿ ಕೂಡಿ ಬೆಂದಿದ್ದಾರೆ.

ಬಡವರ ಊಟವನ್ನು ಕಾವ್ಯದ ಪೀಠಕ್ಕೇರಿಸಿದವರು ಬೇರೆ ನಾಡುಗಳಲ್ಲೂ ಉಂಟು. ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ 1786ರಲ್ಲಿ ತನ್ನ ನಾಡಿನ ರೈತರ ತಿನಿಸಾದ ಹ್ಯಾಗಿಸನ್ನು ಸಂಬೋಧಿಸಿ ಕವಿತೆ ಬರೆದನು. ಕುರಿಯ ಒಳಾಂಗಗಳನ್ನು ಓಟ್ಸ್ ಹಿಟ್ಟಿನೊಡನೆ ಕೂಡಿಸಿ ಜಠರದ ಚೀಲದಲ್ಲಿ ಬೇಯಿಸಿದ ಆ ತಿನಿಸನ್ನು ಫ್ರೆಂಚರ ನಾಜೂಕಿನ ಅಡಿಗೆಗಿಂತ ಮಿಗಿಲೆಂದು ಹೊಗಳಿದನು. ಇಂದಿಗೂ ವರ್ಷಕ್ಕೊಮ್ಮೆ ಅವನ ಹುಟ್ಟುಹಬ್ಬದ ಊಟದಲ್ಲಿ, ವಲಸೆಹೋದ ಸ್ಕಾಟರು ನೆಲೆಸಿದ ದೇಶದೇಶಗಳಲ್ಲಿ, ಆ ಕವಿತೆಯನ್ನು ಓದಿ ಹ್ಯಾಗಿಸನ್ನು ಕೊಯ್ಯುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ ಪ್ರಾಚೀನ ಸುಮೇರಿಯದ ಮಣ್ಣಿನ ಫಲಕಗಳಲ್ಲಿ ಕುರಿಗೂ ಧಾನ್ಯಕ್ಕೂ ನಡೆದ ವಾದವೊಂದು ದೊರೆಯುತ್ತದೆ. ಅಲ್ಲಿ ದೇವರು ಧಾನ್ಯದ ಕಡೆಗೆ ತೀರ್ಪು ಕೊಡುತ್ತಾನೆ. ಬರ್ನ್ಸ್ ಮಾಡಿದ್ದು ಸ್ತುತಿ. ಸುಮೇರಿಯದ ಕವಿ ಹೇಳಿದ್ದು ದೇವರ ತೀರ್ಪು. ಕನಕದಾಸರು ಸ್ತುತಿಯನ್ನೂ ತೀರ್ಪನ್ನೂ ಸಾಲದೆಂದು ಬಗೆದು ನಡುವೆ ಪರೀಕ್ಷೆಯೊಂದನ್ನು ತಂದರು. ಈ ಹೋಲಿಕೆಯಲ್ಲಿ ನಮ್ಮ ಕವಿಯ ವೈಶಿಷ್ಟ್ಯ ಎದ್ದುಕಾಣುತ್ತದೆ.

ಈಗ ಹೆಸರಿನ ವಿಚಾರ. ‘ನರೆದಲೆಗ’ ಎಂದರೆ ನರೆತ ತಲೆಯವನು. ಕಣ್ಣಿಗೆ ಕಂಡ ರೂಪದಿಂದ ಊರು ಇಟ್ಟ ಹೆಸರು. ‘ರಾಘವ’ ಎಂಬುದರಿಂದ ‘ರಾಗಿ’ ಬಂದಿತೆಂಬ ಕವಿಯ ಮಾತನ್ನು ಭಾಷಾಶಾಸ್ತ್ರ ಒಪ್ಪುವಂತಿಲ್ಲ. ಕೆಂಪೆಂಬ ಅರ್ಥದ ‘ರಾಗ’ ಶಬ್ದದೊಡನೆ ಅದನ್ನು ಸಂಬಂಧಿಸುವುದು ಹೆಚ್ಚು ಸಮಂಜಸ. ಧಾನ್ಯವೂ ಈ ನೆಲದಲ್ಲಿ ಹುಟ್ಟಿದ್ದಲ್ಲ. ಪೂರ್ವ ಆಫ್ರಿಕದ ಎತ್ತರದ ನಾಡುಗಳಲ್ಲಿ ಮೊದಲು ಸಾಗುವಳಿಯಾಗಿ ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದದ್ದು. ಹೊರಗಿನಿಂದ ಬಂದು ಇಲ್ಲಿಯ ಒಣನೆಲದಲ್ಲಿ ಬೇರೂರಿದ ಕಾಳಿಗೆ ಇಲ್ಲಿಯ ದೇವರ ಹೆಸರು ದೊರೆಯಿತು. ಆದರೆ ಇಲ್ಲೊಂದು ಸಂಶಯಕ್ಕೆ ಎಡೆಯಿದೆ. ಪರೀಕ್ಷೆಯಲ್ಲಿ ಗೆದ್ದವನಿಗೆ ಗೌರವ ಸಲ್ಲಬೇಕಾದರೆ ಅವನು ತನ್ನ ಹೆಸರನ್ನು ಬಿಟ್ಟು ಅರಸನ ಹೆಸರನ್ನು ಹೊರಬೇಕೆ? ನರೆದಲೆಗನು ನರೆದಲೆಗನಾಗಿಯೇ ಮಾನ್ಯನಾಗಬಾರದಿತ್ತೆ? ಭಕ್ತಿಯ ದೃಷ್ಟಿಯಿಂದ ಭಗವಂತನ ಹೆಸರಿಗಿಂತ ಹಿರಿದಾದ ಕಾಣಿಕೆಯಿಲ್ಲ. ಲೋಕದ ದೃಷ್ಟಿಯಿಂದ ಅದು ದೊಡ್ಡವರ ಮುದ್ರೆ ಬಿದ್ದ ಮೇಲೆ ಮಾತ್ರ ಸಿಗುವ ಮನ್ನಣೆ.

ಈ ಸಂಶಯ ಪಾಂಡಿತ್ಯದ ಹಟವಲ್ಲವೆಂಬುದಕ್ಕೆ ಇತ್ತೀಚಿನ ನಿದರ್ಶನವೊಂದಿದೆ. ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆಯ ಮಹಾಸಭೆಯು 2021ರಲ್ಲಿ ಗೊತ್ತುಪಡಿಸಿದಂತೆ 2023ನೆಯ ವರ್ಷವನ್ನು ಕಿರುಧಾನ್ಯಗಳ ಅಂತರರಾಷ್ಟ್ರೀಯ ವರ್ಷವಾಗಿ ಆಚರಿಸಲಾಯಿತು. ಅದೇ ವರ್ಷದ ಕೇಂದ್ರ ಮುಂಗಡಪತ್ರದಲ್ಲಿ ಈ ಧಾನ್ಯಗಳಿಗೆ ‘ಶ್ರೀ ಅನ್ನ’ ಎಂಬ ಹೆಸರು ಬಂದಿತು. ನಮ್ಮ ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಭಾರತೀಯ ಕಿರುಧಾನ್ಯ ಸಂಶೋಧನ ಸಂಸ್ಥೆಯನ್ನು ಉತ್ಕೃಷ್ಟತಾ ಕೇಂದ್ರವಾಗಿ ಬೆಳೆಸುವುದಾಗಿ ಸಾರಲಾಯಿತು. ಸಂಸ್ಕೃತದಲ್ಲಿ ‘ಅನ್ನ’ವೆಂದರೆ ಆಹಾರ ಸಾಮಾನ್ಯ. ಕನ್ನಡಿಗನ ಕಿವಿಗಾದರೋ ಅನ್ನವೆಂದರೆ ಬೆಂದ ಅಕ್ಕಿ. ಹಿಟ್ಟು ಬೇರೆ, ಅನ್ನ ಬೇರೆ. ‘ಮೊದಲು ಹಿಟ್ಟು, ಆಮೇಲೆ ಅನ್ನ’ ಎಂಬುದು ಹಳ್ಳಿಯ ಊಟದ ಕ್ರಮ. ರಾಮನು ನರೆದಲೆಗನಿಗೆ ತನ್ನ ಹೆಸರನ್ನು ಕೊಟ್ಟನು. ನಮ್ಮ ಕಾಲದವರು ಅವನಿಗೆ ಅವನ ಪ್ರತಿವಾದಿಯ ಹೆಸರನ್ನು ಕೊಟ್ಟಿದ್ದೇವೆ.

ಹೆಸರು ಹೋಗಲಿ, ತೀರ್ಪಾದರೂ ನಿಂತಿತೆ? ಆಂಧ್ರಪ್ರದೇಶದಲ್ಲಿ 1983ರಲ್ಲಿ ಎನ್. ಟಿ. ರಾಮರಾಯರ ಸರಕಾರವು ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಡತೊಡಗಿತು. ಕರ್ನಾಟಕದಲ್ಲಿ 2013ರಲ್ಲಿ ಅನ್ನಭಾಗ್ಯ ಬಂದಿತು. ಹಸಿದವರ ಮನೆಗೆ ಅಕ್ಕಿ ಮುಟ್ಟಿತು. ಇದು ಸಣ್ಣ ಸಂಗತಿಯಲ್ಲ, ಇದನ್ನು ಹಗುರಾಗಿ ಕಾಣುವವರು ಹಸಿವನ್ನು ಕಾಣದವರು. ಹಬ್ಬಕ್ಕೆ ಮಾತ್ರ ಅನ್ನ ಕಂಡಿದ್ದ ಮನೆಗಳಲ್ಲಿ ಅದು ದಿನದ ಊಟವಾಯಿತು. ಅದೇ ಹೊತ್ತಿಗೆ ರಾಗಿ, ನವಣೆ, ಸಾಮೆ, ಹಾರಕಗಳು ಸಿರಿಧಾನ್ಯವೆಂಬ ಹೆಸರಿನಲ್ಲಿ ಅಂದದ ಪೊಟ್ಟಣಗಳೊಳಗೆ ಸೇರಿ ನಗರದ ಅಂಗಡಿಗಳ ಗಾಜಿನ ಹಿಂದೆ ಕುಳಿತವು. ತಾರ್ನಾಕದ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಹೊರತಂದ ಆಹಾರಕೋಷ್ಟಕಗಳನ್ನು ನೋಡಿದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಹೊಳಪು ಕೊಟ್ಟ ಅಕ್ಕಿಯಲ್ಲಿ 10 ಮಿಲಿಗ್ರಾಮೂ ಇಲ್ಲ. ಈ ಅರಿವು ಮೊದಲು ಮುಟ್ಟಿದ್ದು ಓದಿದವರನ್ನು, ಉಳ್ಳವರನ್ನು. ನೀನು ಧನವಂತರ ಬೆನ್ನು ಹತ್ತಿದವನೆಂದು ನರೆದಲೆಗನು ಬತ್ತದ ಮೇಲೆ ಹೊರಿಸಿದ ಆರೋಪವನ್ನು ಬತ್ತವು ಇಂದು ಅವನ ಮೇಲೆಯೇ ತಿರುಗಿಸಿ ಹೊರಿಸಬಹುದು. ನರೆದಲೆಗನಲ್ಲಿ ಇದಕ್ಕೆ ಏನು ಉತ್ತರವಿದೆ?

ಕಾವ್ಯವನ್ನು ಬರಿಯ ರಾಗಿಯ ಹೊಗಳಿಕೆಯಾಗಿ ಓದಿದವರಿಗೆ ಇಲ್ಲಿ ಉತ್ತರ ಸಿಗದು. ಸೆರೆಯನ್ನು ಅದರ ತಿರುಳೆಂದು ಓದಿದವರಿಗೆ ಸಿಗುತ್ತದೆ. ಕನಕದಾಸರು ಹೇಳಿದ್ದು ರಾಗಿ ಎಂದೆಂದಿಗೂ ಶ್ರೇಷ್ಠವೆಂದಲ್ಲ. ಕೆಟ್ಟ ಕಾಲದಲ್ಲಿ ಯಾವುದು ಜನರ ಬಳಿ ಉಳಿಯುವುದೋ ಅದು ಶ್ರೇಷ್ಠವೆಂದು. ಪರೀಕ್ಷೆ ಒಮ್ಮೆ ನಡೆದು ಮುಗಿಯುವಂಥದಲ್ಲ. ಪ್ರತಿಯೊಂದು ಕಾಲವೂ ತನ್ನ ಧಾನ್ಯಗಳನ್ನು ಮತ್ತೆ ಕತ್ತಲೆಗಿಟ್ಟು ಮತ್ತೆ ತೆಗೆದು ನೋಡಬೇಕು.

ಕೊನೆಯದಾಗಿ, ಈ ನಗರದ ಕನ್ನಡಿಗರಿಗೆ ಸಂಬಂಧಿಸಿದ ಒಂದು ಮಾತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ, ಗುಲಬರ್ಗ, ರಾಯಚೂರುಗಳು ಹೈದರಾಬಾದು ರಾಜ್ಯದ ಜಿಲ್ಲೆಗಳಾಗಿದ್ದವು. ಅಲ್ಲಿಂದ ಬಂದು ಇಲ್ಲಿ ನೆಲೆಸಿದವರ ಮನೆಮಾತಿನಲ್ಲಿ ರಾಗಿಯಿಲ್ಲ, ಜೋಳವಿದೆ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಹೊತ್ತು ಚರಗ ಚೆಲ್ಲಿ, ಅಂಬಲಿ ಕುಡಿದು, ಸಜ್ಜೆಯ ರೊಟ್ಟಿಯನ್ನು ಭಜ್ಜಿಯೊಡನೆ ಉಂಡವರ ಮಕ್ಕಳು ಮೊಮ್ಮಕ್ಕಳು ನಾವು. ರಾಮನ ಮುಂದೆ ಸಾಲಾಗಿಟ್ಟ ಧಾನ್ಯಗಳಲ್ಲಿ ಜೋಳದ ಹೆಸರೂ ಉಂಟು. ಆದರೆ ಅದು ವಾದಕ್ಕಿಳಿಯಲಿಲ್ಲ. ಸುಮ್ಮನೆ ನಿಂತು ನೋಡಿತು. ಒಂದು ಕಾಲಕ್ಕೆ ವೀರರ ಪ್ರಾಣಕ್ಕೆ ಬೆಲೆಕಟ್ಟಿದ ಧಾನ್ಯವದು. ಪಂಪನ ಸೀಮೆಯಲ್ಲಿ, ನಮ್ಮ ಜೋಳವನ್ನೇ ಜೊನ್ನವೆಂದು ಕರೆದು ರೊಟ್ಟಿ ತಟ್ಟುವ ಜನರ ನಡುವೆ ಬಾಳುತ್ತಿರುವ ನಾವು ಆ ಮೂಕಸಾಕ್ಷಿಯ ಕಥೆಯನ್ನು ಬರೆಯಬೇಕಾದವರು. ರೊಟ್ಟಿ ತಟ್ಟುವ ಸದ್ದು, ಬೀಸುವ ಪದ, ರಾಶಿಯ ಕಟ್ಟಳೆ, ಚರಗದ ಕೂಗು ಇವನ್ನು ಬಲ್ಲ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರಿಂದ ಕೇಳಿ ಬರೆದಿಡುವ ಕೆಲಸವನ್ನು ಇಂಥ ಪತ್ರಿಕೆಗಳು ಕೈಗೊಳ್ಳಬೇಕು.

ಊರು ಬಿಟ್ಟು ಬಂದವರ ಭಾಷೆಯೂ ಒಂದು ಬಗೆಯಲ್ಲಿ ಸೆರೆಗೆ ಸಿಕ್ಕಿದ ಧಾನ್ಯವೇ. ಉತ್ಸವದ ದಿನದ ವೇದಿಕೆಯ ಕನ್ನಡ ನಮ್ಮಲ್ಲಿ ಸಮೃದ್ಧವಾಗಿದೆ. ಅದು ಮಂತ್ರಾಕ್ಷತೆಯ ಅಕ್ಕಿಯಂತೆ ಶುಭಕಾರ್ಯಕ್ಕೆ ಸಲ್ಲುತ್ತದೆ. ಮಗುವನ್ನು ಗದರಿಸುವಾಗ, ಸಂತೆಯಲ್ಲಿ ಚೌಕಾಸಿ ಮಾಡುವಾಗ, ನೋವಿನಲ್ಲಿ ನರಳುವಾಗ ಬಾಯಿಗೆ ಬರುವ ಕನ್ನಡವು ಬೇರೆ. ಅದು ದಿನದ ರೊಟ್ಟಿ, ದಿನದ ಹಿಟ್ಟು. ಹಗೇವಿನ ಬಾಯಿ ತೆಗೆದ ದಿನ ಇವೆರಡರಲ್ಲಿ ಯಾವುದು ಕೆಡದೆ ಉಳಿದಿರುವುದೋ ಅದನ್ನು ಮುಂದಿನ ತಲೆಮಾರು ಬಿತ್ತನೆಗೆ ತೆಗೆದುಕೊಳ್ಳುತ್ತದೆ.